ಶಿಸ್ತು ಎಂದು ನಾವು ಹೊಗಳುವ ಕಾಯಿಲೆ

2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯರ ಆಹಾರ ಕ್ರಮದ ಬಗ್ಗೆ 17 ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಮಾಧ್ಯಮಗಳ ಗಮನ ಸೆಳೆದ ಮಾತು ಒಂದು: ಮೈಕಟ್ಟು ಬೆಳೆಸುವ ಸಲುವಾಗಿ ಪ್ರೊಟೀನ್ ಪುಡಿ ಸೇವಿಸುವುದನ್ನು ಬಿಡಿ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಕೇರಳದ ವೈದ್ಯ ಡಾ. ಸಿರಿಯಾಕ್ ಅಬ್ಬಿ ಫಿಲಿಪ್ಸ್ ಮತ್ತು ಸಂಗಡಿಗರು ನಮ್ಮ ಮಾರುಕಟ್ಟೆಯಲ್ಲಿ ಸಿಗುವ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ 25ರ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗಿರುವ ಪ್ರಮಾಣಕ್ಕೂ ಹೊಂದಿಕೆಯಿಲ್ಲ ಎಂದು ತೋರಿಸಿದ್ದರು.

ಆಮೇಲೆ ನಡೆದ ಚರ್ಚೆಯೆಲ್ಲ ಡಬ್ಬಿಯ ಸುತ್ತಲೇ ತಿರುಗಿತು. ಯಾವ ಕಂಪೆನಿಯದ್ದು ಒಳ್ಳೆಯದು, ದಿನಕ್ಕೆ ಎಷ್ಟು ಚಮಚ, ಹಾಲಿನಲ್ಲೋ ನೀರಿನಲ್ಲೋ. ಡಬ್ಬಿ ಹಿಡಿದ ಹುಡುಗನ ಬಗ್ಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಇರುವಾಗ ಇಪ್ಪತ್ತರ ಹರೆಯದವನೊಬ್ಬ ಅದನ್ನು ಬದಿಗೆ ಸರಿಸಿ ಮೊಟ್ಟೆಯ ಬಿಳಿಯನ್ನು ಮಾತ್ರ ಎಣಿಸಿ ತಿನ್ನುತ್ತಾನೆ. ಗಳಿಗೆಗೊಮ್ಮೆ ಕನ್ನಡಿಯ ಮುಂದೆ ಅಂಗಿ ಎತ್ತಿ ಹೊಟ್ಟೆ ನೋಡಿಕೊಳ್ಳುತ್ತಾನೆ. ಹಬ್ಬದ ದಿನ ನಾಲ್ಕು ಸಾನ್ನಾಂ ತಿಂದದ್ದಕ್ಕೆ ರಾತ್ರಿ ಎರಡು ಗಂಟೆ ಓಡಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾನೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಪುಡಿಯದ್ದಲ್ಲ.

ಊಟದೊಂದಿಗಿನ ಸಂಬಂಧ ಕೆಟ್ಟು ಮನಸ್ಸನ್ನೂ ದೇಹವನ್ನೂ ಹಿಂಡುವ ಕಾಯಿಲೆಗಳಿಗೆ ವೈದ್ಯರು ಒಟ್ಟಾಗಿ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ನಾವು ಊಟದ ಕಾಯಿಲೆ ಎನ್ನೋಣ. ದಪ್ಪಗಾಗುವ ಭಯದಿಂದ ಉಣ್ಣದೆ ಕ್ಷೀಣಿಸುವುದು ಅನೊರೆಕ್ಸಿಯಾ. ಮಿತಿಯಿಲ್ಲದೆ ತಿಂದು, ಬಳಿಕ ವಾಂತಿ ಮಾಡಿಯೋ ಭೇದಿ ಮಾತ್ರೆ ನುಂಗಿಯೋ ಉಪವಾಸವಿದ್ದೋ ವಿಪರೀತ ವ್ಯಾಯಾಮದಿಂದಲೋ ಅದನ್ನು ಕಳೆಯಲು ನೋಡುವುದು ಬುಲಿಮಿಯಾ. ಹೀಗೆ ಕಳೆಯುವ ಯತ್ನವಿಲ್ಲದೆ, ತಡೆಯಲಾಗದೆ ಗುಟ್ಟಾಗಿ ತಿನ್ನುತ್ತಲೇ ಹೋಗಿ ಕೊನೆಗೆ ತನ್ನ ಬಗ್ಗೆ ತಾನೇ ಹೇಸಿಕೊಳ್ಳುವುದು ಮತ್ತೊಂದು ಬಗೆ. ಅದನ್ನು ಬಿಂಜ್ ಈಟಿಂಗ್ ಎನ್ನುತ್ತಾರೆ. ಹುಡುಗಿಯೊಬ್ಬಳು ಊಟ ಬಿಟ್ಟರೆ ಮನೆಯವರು ಒಂದಲ್ಲ ಒಂದು ದಿನ ಗಾಬರಿಯಾಗುತ್ತಾರೆ. ಹುಡುಗ ಬಿಟ್ಟರೆ ನಾವು ಮೆಚ್ಚುತ್ತೇವೆ. ಎಂಥ ಶಿಸ್ತು, ಎಂಥ ಸಂಯಮ, ಬೆಳಿಗ್ಗೆ ಐದಕ್ಕೆ ಎದ್ದು ಜಿಮ್‌ಗೆ ಹೋಗುತ್ತಾನೆ ಎಂದು ಬೇರೆಯವರ ಮಕ್ಕಳಿಗೆ ಅವನ ಉದಾಹರಣೆ ಕೊಡುತ್ತೇವೆ. ಗಂಡಸರಲ್ಲಿ ಈ ಕಾಯಿಲೆ ಸುಲಭವಾಗಿ ಕಣ್ಣಿಗೆ ಬೀಳದಿರುವುದಕ್ಕೆ, ನನ್ನ ಅಭಿಪ್ರಾಯದಲ್ಲಿ, ನಮ್ಮ ಈ ಮೆಚ್ಚುಗೆಯೇ ದೊಡ್ಡ ಕಾರಣ.

ಮೊದಲ ರೋಗಿಗಳಲ್ಲಿ ಒಬ್ಬ ಹುಡುಗ

ಇದು ಹೆಣ್ಣುಮಕ್ಕಳ ಕಾಯಿಲೆ ಎಂಬ ನಂಬಿಕೆ ಎಲ್ಲಿಂದ ಬಂತೋ, ಚರಿತ್ರೆಯಿಂದಂತೂ ಬಂದಿಲ್ಲ. 1689ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್, ಕ್ಷಯದಂತೆ ಕಂಡರೂ ಕ್ಷಯವಲ್ಲದ ಒಂದು ಸೊರಗುವಿಕೆಯನ್ನು ವಿವರಿಸುತ್ತ ಇಬ್ಬರು ರೋಗಿಗಳ ವಿಷಯ ಬರೆದ. ಒಬ್ಬಳು ಹದಿನೆಂಟರ ಯುವತಿ, ಇನ್ನೊಬ್ಬ ಹದಿನಾರರ ಹುಡುಗ, ಪಾದ್ರಿಯೊಬ್ಬರ ಮಗ. ಅತಿಯಾದ ಓದು ಮತ್ತು ಮನಸ್ಸಿನ ಉದ್ವೇಗದಿಂದ ಅವನಿಗೆ ಹಸಿವೇ ಇಲ್ಲವಾಗಿದೆ ಎಂದು ಮಾರ್ಟನ್ ಎಣಿಸಿದ. ಓದು ಬಿಟ್ಟು ಹಳ್ಳಿಯ ಗಾಳಿಗೆ ಹೋಗು, ಕುದುರೆ ಸವಾರಿ ಮಾಡು, ಹಾಲು ಕುಡಿ ಎಂದು ಹೇಳಿ ಕಳುಹಿಸಿದ. ಹುಡುಗ ಬಹಳಷ್ಟು ಚೇತರಿಸಿಕೊಂಡ, ಯುವತಿ ಉಳಿಯಲಿಲ್ಲ. ಮುಂದೆ 1870ರ ದಶಕದಲ್ಲಿ ಸರ್ ವಿಲಿಯಂ ಗಲ್ ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟಾಗಲೂ ಇದು ಗಂಡಸರಿಗೂ ಬರುತ್ತದೆ ಎಂದೇ ಬರೆದಿದ್ದ.

ಆದರೂ ಬಳಿಕದ ವೈದ್ಯಶಾಸ್ತ್ರ ಗಂಡಸರನ್ನು ಬಹುಮಟ್ಟಿಗೆ ಮರೆತಿತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರವರೆಗೂ ಅನೊರೆಕ್ಸಿಯಾದ ಲಕ್ಷಣಗಳ ಸಾಲಿನಲ್ಲಿ ಮುಟ್ಟು ನಿಲ್ಲುವುದೂ ಒಂದಾಗಿತ್ತು. ಈ ಕಾಯಿಲೆಯನ್ನು ಬೇಗ ಗುರುತಿಸಲು ಇಂದಿಗೂ ಬಳಸುವ ಐದು ಪ್ರಶ್ನೆಗಳ ಪಟ್ಟಿಯೊಂದು 1999ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡಿತು. ಅದನ್ನು ಪರೀಕ್ಷಿಸಿ ನೋಡಿದ್ದು ಮಹಿಳೆಯರ ಮೇಲೆಯೇ. ದಪ್ಪಗಾಗಿದ್ದೀರೆಂದು ಅನಿಸುತ್ತದೆಯೇ ಎಂದು ಅದು ಕೇಳುತ್ತದೆ. ತಾನು ಬಡಕಲು, ತನ್ನ ತೋಳು ಸಣ್ಣ ಎಂದು ಕೊರಗುವವನು ಅಂಥ ಪ್ರಶ್ನೆಗೆ ಇಲ್ಲ ಎಂದು ಹೇಳಿ ಎದ್ದು ಹೋಗುತ್ತಾನೆ.

2007ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ, ಜೀವಮಾನದಲ್ಲಿ ಎಂದಾದರೊಮ್ಮೆ ಅನೊರೆಕ್ಸಿಯಾ ಬಂದವರು ಮಹಿಳೆಯರಲ್ಲಿ ಶೇ. 0.9, ಪುರುಷರಲ್ಲಿ ಶೇ. 0.3, ಬುಲಿಮಿಯಾ ಕ್ರಮವಾಗಿ ಶೇ. 1.5 ಮತ್ತು ಶೇ. 0.5, ಬಿಂಜ್ ಈಟಿಂಗ್ ಶೇ. 3.5 ಮತ್ತು ಶೇ. 2. ಇದು ಅಲ್ಲಿನ ಲೆಕ್ಕ, ನಮ್ಮದಲ್ಲ. ಆದರೆ ಮೂರು ಬಗೆಯಲ್ಲೂ ಗಂಡಸರಿದ್ದಾರೆ, ಕೊನೆಯದರಲ್ಲಿ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಿದ್ದಾರೆ ಎಂಬುದು ಗಮನಿಸಬೇಕಾದ ವಿಷಯ.

ವಾಂಖೆಡೆಯಲ್ಲಿ ಅಂಗಿ ಬಿಚ್ಚಿದವನು

ಕ್ರಿಕೆಟ್ ಬಲ್ಲವರಿಗೆ 2002ರ ಫೆಬ್ರವರಿಯ ಆ ದೃಶ್ಯ ನೆನಪಿರಬಹುದು. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಕೊನೆಯ ಓವರಿನಲ್ಲಿ ಭಾರತವನ್ನು ಸೋಲಿಸಿದ ಇಂಗ್ಲೆಂಡಿನ ಆಂಡ್ರ್ಯೂ ಫ್ಲಿಂಟಾಫ್ ಅಂಗಿ ಬಿಚ್ಚಿ ಬೀಸುತ್ತ ಓಡಿದರು. ಅದೇ ಜುಲೈಯಲ್ಲಿ ಲಾರ್ಡ್ಸ್ ಬಾಲ್ಕನಿಯಿಂದ ಸೌರವ್ ಗಂಗೂಲಿ ಅದಕ್ಕೆ ಕೊಟ್ಟ ಉತ್ತರ ಇನ್ನೂ ಪ್ರಸಿದ್ಧ. ಅಂಗಿಯ ಸೇಡಿನ ಕಥೆಯನ್ನು ನಾವೆಲ್ಲ ಎಷ್ಟು ಸಲ ಹೇಳಿಲ್ಲ! ಆ ಮೈಯೊಳಗಿನ ಮನುಷ್ಯನ ಕಥೆ ಬಹಳ ಮಂದಿಗೆ ತಿಳಿಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರದಲ್ಲಿ ಫ್ಲಿಂಟಾಫ್ ತನಗೆ ಬುಲಿಮಿಯಾ ಇರುವುದನ್ನು ಬಿಚ್ಚಿಟ್ಟರು. ಆಟದ ಆರಂಭದ ವರ್ಷಗಳಲ್ಲಿ ತೂಕದ ಬಗ್ಗೆ ಕೇಳಿದ ಟೀಕೆ, ಪತ್ರಿಕೆಗಳ ಗೇಲಿ, ಅದರಿಂದ ಶುರುವಾದ ಊಟದ ನಂತರದ ವಾಂತಿ, ಅದನ್ನು ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದು. ಆರಡಿಗೂ ಎತ್ತರದ, ವೇಗದ ಬೌಲರ್ ಆಗಿದ್ದ ಆ ಮನುಷ್ಯನನ್ನು ಕಂಡು ಇವನಿಗೆ ಊಟದ ಕಾಯಿಲೆ ಇದೆ ಎಂದು ಯಾರು ತಾನೇ ಊಹಿಸುತ್ತಿದ್ದರು?

ಅವರಿಗಿಂತ ಮೊದಲು, 2008ರಲ್ಲಿ, ಹತ್ತು ವರ್ಷ ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ತಮ್ಮ ಆತ್ಮಕಥೆಯಲ್ಲಿ ಇದೇ ಬುಲಿಮಿಯಾವನ್ನು ಒಪ್ಪಿಕೊಂಡರು. ಆಗ ಅವರಿಗೆ 69 ವರ್ಷ. ಸ್ಥೂಲಕಾಯದ, ಒರಟು ಮಾತಿನ ಕಾರ್ಮಿಕ ನಾಯಕ. ಅವರು ಹೇಳಿದ್ದನ್ನು ಕೇಳಿ ಕೆಲವರು ನಕ್ಕರು: ವಾಂತಿ ಮಾಡಿಕೊಳ್ಳುವವನು ಇಷ್ಟು ದಪ್ಪಗಿರುವುದು ಹೇಗೆ? ಬುಲಿಮಿಯಾ ಇರುವವರ ತೂಕ ಸಾಮಾನ್ಯವಾಗಿಯೇ ಇರಬಹುದು, ಹೆಚ್ಚೂ ಇರಬಹುದು. ನಕ್ಕವರಿಗೆ ಇದು ತಿಳಿದಿರಲಿಲ್ಲ. ಪ್ರೆಸ್ಕಾಟ್ 2024ರ ನವೆಂಬರಿನಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಚಿತ್ರ ನಿರ್ದೇಶಕ ಕರಣ್ ಜೋಹರ್ ತನ್ನ ದೇಹದ ಬಗ್ಗೆ ತನಗಿರುವ ಹಿಂಜರಿಕೆಯನ್ನು, ಅದಕ್ಕಿರುವ ವೈದ್ಯಕೀಯ ಹೆಸರನ್ನೂ ಸೇರಿಸಿ, 2024ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಹೀಗೆ ಹೇಳಿಕೊಂಡ ಗಂಡಸರು ನಮ್ಮಲ್ಲಿ ತೀರಾ ವಿರಳ.

ಗಂಡಸರದ್ದೇ ಎನ್ನಬಹುದಾದ ಒಂದು ರೂಪವೂ ಇದೆ. 1993ರಲ್ಲಿ ಅಮೆರಿಕದ ಹ್ಯಾರಿಸನ್ ಪೋಪ್ ಮತ್ತು ಸಹೋದ್ಯೋಗಿಗಳು 108 ದೇಹದಾರ್ಢ್ಯ ಪಟುಗಳನ್ನು ಅಧ್ಯಯನ ಮಾಡಿದಾಗ, ಬೆಟ್ಟದಂತೆ ಬೆಳೆದಿದ್ದರೂ ತಾವು ಬಡಕಲು ಎಂದೇ ನಂಬಿದ್ದ ಕೆಲವರು ಸಿಕ್ಕಿದರು. ಅದನ್ನು ಅವರು ತಿರುಗಿದ ಅನೊರೆಕ್ಸಿಯಾ ಎಂದು ಕರೆದರು. 1997ರಲ್ಲಿ ಮಸಲ್ ಡಿಸ್ಮಾರ್ಫಿಯಾ ಎಂಬ ಹೆಸರು ಬಂತು. ಇದು ಹಿಡಿದವನು ಮದುವೆ ಮನೆಗೆ ಹೋಗಲಾರ, ಏಕೆಂದರೆ ಅಲ್ಲಿನ ಊಟ ಲೆಕ್ಕಕ್ಕೆ ಸಿಗದು. ಗಾಯವಾದರೂ ಜಿಮ್ ಬಿಡಲಾರ. ಸಮುದ್ರ ತೀರದಲ್ಲಿ ಅಂಗಿ ತೆಗೆಯಲಾರ. ಕೆಲವರು ಇಲ್ಲಿಂದ ಸ್ಟೀರಾಯ್ಡ್ ಚುಚ್ಚುಮದ್ದಿಗೆ ಹೋಗುತ್ತಾರೆ. ಅದು ಹೃದಯವನ್ನೂ ಯಕೃತ್ತನ್ನೂ ಕೆಡಿಸಬಲ್ಲದು, ಸಂತಾನಶಕ್ತಿಯನ್ನು ಕುಗ್ಗಿಸಬಲ್ಲದು, ಬಿಟ್ಟಾಗ ಖಿನ್ನತೆಗೆ ತಳ್ಳಬಲ್ಲದು.

2007ರಲ್ಲಿ 'ಓಂ ಶಾಂತಿ ಓಂ' ಚಿತ್ರದಲ್ಲಿ ಶಾರುಖ್ ಖಾನ್ ಆರು ಪಟ್ಟಿಯ ಹೊಟ್ಟೆ ತೋರಿಸಿದಾಗ ಅದೊಂದು ಸುದ್ದಿಯಾಗಿತ್ತು. ಇಂದು ಅದು ನಾಯಕನಟನ ಕನಿಷ್ಠ ಅರ್ಹತೆ ಎಂಬಂತಾಗಿದೆ. ಚಿತ್ರೀಕರಣದ ಆ ಒಂದು ದಿನಕ್ಕಾಗಿ ತರಬೇತುದಾರ, ಅಡುಗೆಯವ, ವೈದ್ಯ ಎಲ್ಲರೂ ದುಡಿಯುತ್ತಾರೆ, ನೀರನ್ನೂ ಅಳೆದು ಕುಡಿಯುವವರಿದ್ದಾರೆ, ಬೆಳಕನ್ನು ಹೊಟ್ಟೆಯ ಗೆರೆ ಕಾಣುವಂತೆ ಹೊಂದಿಸಲಾಗುತ್ತದೆ. ಮೊಬೈಲಿನಲ್ಲಿ ಅದನ್ನು ನೋಡುವ ಹುಡುಗನಿಗೆ ಇದ್ಯಾವುದೂ ಕಾಣಿಸುವುದಿಲ್ಲ.

ಹಸಿವು ಮನಸ್ಸಿಗೆ ಮಾಡುವುದೇನು

ಮನಸ್ಸು ಗಟ್ಟಿಯಿದ್ದರೆ ಇವೆಲ್ಲ ಬರುವುದಿಲ್ಲ ಎಂದು ಹೇಳುವ ಹಿರಿಯರಿದ್ದಾರೆ. ಅವರಿಗೆ ಒಂದು ಪ್ರಯೋಗದ ಕಥೆ ಹೇಳಬೇಕು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಯುರೋಪಿನಲ್ಲಿ ಹಸಿದು ಬಿದ್ದಿದ್ದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಸೇರಿಸಿಕೊಂಡರು. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪದವರು ಅವರು. ಹಲವರು ಕ್ವೇಕರ್, ಮೆನೊನೈಟ್, ಬ್ರದ್ರನ್ ಸಭೆಗಳಿಗೆ ಸೇರಿದವರು. ಆರೋಗ್ಯವಂತರು, ಆದರ್ಶವಾದಿಗಳು, ಸ್ವಇಚ್ಛೆಯಿಂದ ಬಂದವರು. ಮನಸ್ಸಿನ ಗಟ್ಟಿತನದಲ್ಲಿ ಅವರನ್ನು ಮೀರಿಸುವವರು ಸಿಗುವುದು ಕಷ್ಟ. 1945ರಲ್ಲಿ 24 ವಾರ ಅವರಿಗೆ ಬೇಕಾದುದರ ಸುಮಾರು ಅರ್ಧದಷ್ಟು ಆಹಾರ ಮಾತ್ರ ಕೊಡಲಾಯಿತು. ಜೊತೆಗೆ ವಾರಕ್ಕೆ 22 ಮೈಲಿ ನಡೆಯಬೇಕಿತ್ತು. ಅವರ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು.

ತೂಕ ಇಳಿದದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅವರ ನಡತೆ ಬದಲಾದ ಬಗೆ. ಅಡುಗೆಯಲ್ಲಿ ಎಂದೂ ಆಸಕ್ತಿಯಿಲ್ಲದವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಇದ್ದ ಸ್ವಲ್ಪ ಊಟವನ್ನು ನೀರು ಬೆರೆಸಿ ಹಿಗ್ಗಿಸಿ ಗಂಟೆಗಟ್ಟಲೆ ತಿಂದರು, ತಟ್ಟೆ ನೆಕ್ಕಿದರು. ಸಿಡುಕು, ಖಿನ್ನತೆ, ಬೇಸಗೆಯಲ್ಲೂ ಚಳಿ, ಗೆಳೆಯರ ಸಹವಾಸ ಬೇಡವೆನ್ನುವ ಮನಸ್ಸು. ಒಬ್ಬನು ಕೊಡಲಿಯಿಂದ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ಬೇಕೆಂದೇ ಮಾಡಿದೆನೋ ಇಲ್ಲವೋ ಎಂದು ಅವನಿಗೇ ಖಚಿತವಿರಲಿಲ್ಲ. ಊಟ ಮತ್ತೆ ಸಿಕ್ಕಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಹೊಟ್ಟೆ ತುಂಬಿದ ಅನುಭವವೇ ಆಗಲಿಲ್ಲ, ತಿನ್ನುತ್ತಲೇ ಇದ್ದರು. ಅಂದರೆ ಹಸಿವನ್ನು ದೀರ್ಘಕಾಲ ಅದುಮಿದರೆ ದೇಹ ಮನಸ್ಸನ್ನು ಹಿಡಿದು ಊಟದ ಕಂಬಕ್ಕೆ ಕಟ್ಟುತ್ತದೆ. ವಾರವಿಡೀ ಡಯಟ್ ಮಾಡಿ ಭಾನುವಾರ ರಾತ್ರಿ ಬಾಗಿಲು ಹಾಕಿಕೊಂಡು ಪೊಟ್ಟಣಗಟ್ಟಲೆ ಬಿಸ್ಕತ್ತು ಮುಗಿಸುವವನು ಆಸೆಬುರುಕನಲ್ಲ, ಹಸಿದವನು.

ಸಂತ ಇಗ್ನೇಷಿಯಸರ ಕಾಲು

ಇಲ್ಲಿ ನಮ್ಮ ಪರಂಪರೆಯ ಒಬ್ಬರನ್ನು ನೆನೆಯುವುದು ಉಚಿತ. 1521ರ ಮೇಯಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗಲಿ ಲೊಯೊಲಾದ ಇಗ್ನೇಷಿಯಸರ ಕಾಲು ಮುರಿಯಿತು ಎಂಬುದು ಎಲ್ಲರಿಗೂ ಗೊತ್ತು. ಅನಂತರ ನಡೆದುದನ್ನು ಪ್ರಸಂಗಗಳಲ್ಲಿ ನಾವು ಅಷ್ಟಾಗಿ ಹೇಳುವುದಿಲ್ಲ. ಮೂಳೆ ಕೂಡಿದರೂ ಮೊಣಕಾಲ ಕೆಳಗೆ ಒಂದು ಉಬ್ಬು ಉಳಿಯಿತು. ಆಗಿನ ಅರಮನೆಯ ರೀತಿಯ ಬಿಗಿಯಾದ ಬೂಟು ಹಾಕಿದರೆ ಅದು ವಿಕಾರವಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ, ಅರಿವಳಿಕೆ ಇಲ್ಲದ ಆ ಕಾಲದಲ್ಲಿ, ಅವರು ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಗಿಡ್ಡವಾದ ಕಾಲನ್ನು ವಾರಗಟ್ಟಲೆ ಎಳೆಸಿಕೊಂಡರು. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಸಿ ಬರೆಸಿದ್ದಾರೆ.

ಪರಿವರ್ತನೆಯ ನಂತರ ಮನ್ರೇಸಾದಲ್ಲಿ ಅದೇ ಮನುಷ್ಯ ತದ್ವಿರುದ್ಧ ದಿಕ್ಕಿಗೆ ಹೋದರು. ಕೂದಲು, ಉಗುರು ಬೆಳೆಯಬಿಟ್ಟರು. ಮಾಂಸ, ದ್ರಾಕ್ಷಾರಸ ಬಿಟ್ಟರು. ಪಾಪಭೀತಿ ಕಾಡಿದಾಗ ದೇವರು ಪರಿಹಾರ ಕೊಡುವವರೆಗೆ ತಿನ್ನುವುದಿಲ್ಲವೆಂದು ಒಂದು ವಾರ ಏನನ್ನೂ ಮುಟ್ಟಲಿಲ್ಲ. ಭಾನುವಾರ ಪಾಪನಿವೇದನೆಯಲ್ಲಿ ಅದನ್ನು ಹೇಳಿದಾಗ ಆ ಧರ್ಮಗುರು ಉಪವಾಸ ಮುರಿಯಲು ಆಜ್ಞೆ ಮಾಡಿದರು. ಇಗ್ನೇಷಿಯಸ್ ವಿಧೇಯರಾಗಿ ಊಟ ಮಾಡಿದರು. ಆ ಗುರುವಿನ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಶಹಭಾಸ್ ಎಂದು ಬೆನ್ನು ತಟ್ಟದೆ ಊಟ ಮಾಡು ಎಂದು ಹೇಳುವ ವಿವೇಕ ಅವರಿಗಿತ್ತು.

ಐನೂರು ವರ್ಷಗಳ ಹಿಂದಿನವರಿಗೆ ಇಂದಿನ ರೋಗದ ಚೀಟಿ ಅಂಟಿಸುವುದು ಸರಿಯಲ್ಲ. ನಾನು ಹಾಗೆ ಮಾಡುತ್ತಿಲ್ಲ. ಆದರೆ ಆ ಅತಿರೇಕಗಳಿಂದ ತಮ್ಮ ಆರೋಗ್ಯ ಕೆಟ್ಟಿತೆಂದು ಅವರು ಮುಂದೆ ಅರಿತರು. 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಊಟದ ಬಗ್ಗೆಯೇ ಎಂಟು ನಿಯಮಗಳನ್ನು ಬರೆದರು. ಅವುಗಳಲ್ಲಿ ಒಂದು ಹೀಗೆ: ಮುಂದಿನ ಊಟ ಎಷ್ಟೆಂಬುದನ್ನು ಹಸಿವಿಲ್ಲದ ಹೊತ್ತಿನಲ್ಲಿ, ಒಂದು ಊಟ ಮುಗಿದ ಮೇಲೆ ತೀರ್ಮಾನಿಸಿಕೊಳ್ಳಬೇಕು. 1548ರಲ್ಲಿ ವಿಪರೀತ ಉಪವಾಸ ಮಾಡುತ್ತಿದ್ದ ಫ್ರಾನ್ಸಿಸ್ ಬೋರ್ಜಾರಿಗೆ ಪತ್ರ ಬರೆದು, ಉಪವಾಸ ಕಡಿಮೆ ಮಾಡಿ ಹೊಟ್ಟೆಯನ್ನು ಬಲಪಡಿಸಿಕೊಳ್ಳಿ ಎಂದರು.

ನಮ್ಮ ಧರ್ಮಕೇಂದ್ರಗಳಲ್ಲಿ

ತಪಸ್ಸು ಕಾಲದಲ್ಲಿ ನಾವು ಏನನ್ನು ಹೊಗಳುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕಾಗಿದೆ. ಧರ್ಮಸಭೆಯ ಕಾನೂನು ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಂದ 59ರವರೆಗಿನವರಿಗೆ. ಅಂದು ಸಹ ಒಂದು ಪೂರ್ಣ ಊಟ ಉಂಟು. ರೋಗಿಗೆ ವಿನಾಯಿತಿ ಉಂಟು, ಊಟದ ಕಾಯಿಲೆಯವನೂ ರೋಗಿಯೇ. ನಲವತ್ತು ದಿನ ನೀರಿನಲ್ಲೇ ಕಳೆಯುತ್ತೇನೆಂದು ಹೊರಟ ಹುಡುಗನನ್ನು ಯುವಜನರ ಸಭೆಯಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸುವ ಮೊದಲು ಸ್ವಲ್ಪ ತಡೆಯೋಣ. ಸೆಮಿನರಿಯ ಊಟದ ಕೋಣೆಯಲ್ಲಿ ಕಡಿಮೆ ಬಡಿಸಿಕೊಂಡವನೇ ಹೆಚ್ಚು ಭಕ್ತ ಎಂಬ ಲೆಕ್ಕಾಚಾರ ನಮ್ಮ ಕಾಲದಲ್ಲೂ ಇತ್ತು. ಈಗಲೂ ಇದ್ದರೆ ಗುರುಮಠದ ಹಿರಿಯರು ಗಮನಿಸಬೇಕು.

ಪಾಪನಿವೇದನೆ ಕೇಳುವ ನನ್ನ ಗುರುಬಂಧುಗಳಿಗೆ ಒಂದು ವಿಶೇಷ ವಿನಂತಿ. ಯುವಕನೊಬ್ಬ ಮತ್ತೆ ಮತ್ತೆ ಬಂದು ಹೊಟ್ಟೆಬಾಕತನ ಎಂದು ಹೇಳಿದರೆ, ಅದು ಬುಲಿಮಿಯಾ ಅಥವಾ ಬಿಂಜ್ ಈಟಿಂಗ್ ಇರಬಹುದು. ಅವನಿಗೆ ಉಪವಾಸವನ್ನೇ ಪ್ರಾಯಶ್ಚಿತ್ತವಾಗಿ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಉಪವಾಸದ ಮರುದಿನವೇ ಅವನು ಇನ್ನಷ್ಟು ತಿನ್ನುತ್ತಾನೆ, ಇನ್ನಷ್ಟು ನಾಚುತ್ತಾನೆ. ಒಂದು ಪ್ರಾರ್ಥನೆ ಕೊಡಿ, ವೈದ್ಯರನ್ನು ಕಾಣಲು ಹೇಳಿ.

ಮನೆಯವರು, ಗುರಿಕಾರರು, ಹಾಸ್ಟೆಲ್ ವಾರ್ಡನ್ನರು ಏನನ್ನು ಗಮನಿಸಬೇಕು? ತೂಕವನ್ನಲ್ಲ, ಊಟದ ಸುತ್ತಲಿನ ನಡತೆಯನ್ನು. ಉಂಡ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುವುದು, ಎಲ್ಲರೊಂದಿಗೆ ಕುಳಿತು ಉಣ್ಣಲು ನೆಪ ಹೇಳುವುದು, ಸಂಬಳದ ದೊಡ್ಡ ಪಾಲು ಡಬ್ಬಿಗಳಿಗೆ ಹೋಗುವುದು, ಒಂದು ದಿನ ಜಿಮ್ ತಪ್ಪಿದರೆ ಮನೆಯೆಲ್ಲ ಕೂಗಾಡುವುದು, ಕೆನ್ನೆ ಊದಿಕೊಳ್ಳುವುದು, ಹಲ್ಲು ಸವೆಯುವುದು. ಪದೇ ಪದೇ ವಾಂತಿ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು, ಸಾವು ಸಂಭವಿಸುವುದುಂಟು. ಗಲ್ಫ್‌ನಲ್ಲಿ, ಹಡಗಿನಲ್ಲಿ ದುಡಿಯುವ ನಮ್ಮ ಹುಡುಗರ ವಿಷಯದಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಒಬ್ಬನೇ ಉಣ್ಣುವವನ ತಟ್ಟೆಯನ್ನು ನೋಡುವವರೇ ಇಲ್ಲ. ಊರಿಗೆ ಬಂದಾಗಲಾದರೂ ನಾವು ಮಾಡುವುದೇನು? ರೋಸ್‌ನ ಚಪ್ಪರದಲ್ಲಿ ಎದುರಾದ ಕೂಡಲೇ, "ಎಂಥ ಮಾರಾಯ, ಹೊಟ್ಟೆ ಬಂದಿದೆಯಲ್ಲ" ಅಥವಾ "ಸೊರಗಿ ಕಡ್ಡಿಯಾಗಿದ್ದೀ, ಅಲ್ಲಿ ಊಟ ಸಿಗುವುದಿಲ್ಲವಾ?" ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಫ್ಲಿಂಟಾಫ್‌ಗೆ ಶುರುವಾದದ್ದೂ ಇಂಥ ಮಾತಿನಿಂದಲೇ. ಪ್ರಯಾಣ ಹೇಗಾಯಿತು, ಎಷ್ಟು ದಿನ ಇರುತ್ತೀ ಎಂದು ಕೇಳಿದರೂ ಮಾತುಕತೆ ಸಾಗುತ್ತದೆ.

ಇನ್ನು ಊಟದ ವಿಷಯ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ದೇಹತೂಕದ ಒಂದು ಕಿಲೋಗೆ 0.83 ಗ್ರಾಂ ಪ್ರೊಟೀನ್ ಸಾಕು ಎಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. 60 ಕಿಲೋ ತೂಕದವನಿಗೆ 50 ಗ್ರಾಂ. ಭಾರ ಎತ್ತಿ ಅಭ್ಯಾಸ ಮಾಡುವವನಿಗೆ ಇನ್ನಷ್ಟು ಬೇಕಾದೀತು, ಅದೂ ಡಬ್ಬಿಯಿಂದಲೇ ಬರಬೇಕೆಂದಿಲ್ಲ. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ, ಎರಡು ಮೊಟ್ಟೆಯಲ್ಲಿ 12 ಗ್ರಾಂ ಇದೆ; ತೊವ್ವೆ, ಹೆಸರುಕಾಳು, ಮೊಸರು ಬೇರೆ. ಬುಲಿಮಿಯಾ ಮತ್ತು ಬಿಂಜ್ ಈಟಿಂಗಿನ ಮನೋಚಿಕಿತ್ಸೆಯಲ್ಲಿ ಮೊದಮೊದಲ ಹೆಜ್ಜೆಗಳಲ್ಲಿ ಒಂದು, ಹೊತ್ತು ಹೊತ್ತಿಗೆ ಮೂರು ಊಟ ಮತ್ತು ನಡುವೆ ಲಘು ಉಪಾಹಾರ ತಪ್ಪದಂತೆ ನೋಡಿಕೊಳ್ಳುವುದು. ಬೆಳಗಿನ ಚಹಾ ತಿಂಡಿ, ಹತ್ತು ಗಂಟೆಯ ಗಂಜಿ ಉಪ್ಪಿನಕಾಯಿ, ಮಧ್ಯಾಹ್ನದ ಊಟ, ನಾಲ್ಕರ ಚಹಾ, ರಾತ್ರಿ ತೇರ್ಸ ಮುಗಿಸಿ ಎಲ್ಲರೂ ಒಟ್ಟಿಗೆ ಕೂರುವ ಊಟ ಎಂಬ ನಮ್ಮ ಹಳೆಯ ಮನೆಗಳ ಕ್ರಮ ಇದಕ್ಕೆ ಎಷ್ಟು ಹತ್ತಿರವಿತ್ತು! ಅಲ್ಲಿ ಯಾವ ಆಹಾರವೂ ಪಾಪವಾಗಿರಲಿಲ್ಲ.

ತುಂಬ ದಿನಗಳಿಂದ ಊಟ ಬಿಟ್ಟು ಕ್ಷೀಣಿಸಿದವನಿಗೆ ಒಮ್ಮೆಲೇ ಒತ್ತಾಯಿಸಿ ಹೊಟ್ಟೆ ತುಂಬ ಬಡಿಸಬೇಡಿ. ಹಾಗೆ ಮಾಡಿದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಾಪಾಯವಾಗಬಹುದು. ಮತ್ತೆ ಊಟ ಆರಂಭಿಸುವುದು ವೈದ್ಯರ ಕಣ್ಣೆದುರಿನಲ್ಲಿಯೇ ಆಗಬೇಕು. ಮನೋವೈದ್ಯರಲ್ಲಿಗೆ ಹೋಗಲು ನಾಚುವವರು ಮೊದಲು ಕುಟುಂಬದ ವೈದ್ಯರಿಂದಲೇ ಶುರು ಮಾಡಬಹುದು. ಫೋನಿನಲ್ಲಿ ಮಾತನಾಡುವುದು ಸುಲಭವೆನಿಸಿದರೆ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಚರ್ಚಿನ ಸೂಚನಾ ಫಲಕದಲ್ಲಿ ಈ ಸಂಖ್ಯೆಯನ್ನು ಬರೆದು ಹಾಕುವುದಾದರೆ, ಯುವಕರ ಕ್ರೀಡಾಕೂಟದ ನೋಟೀಸಿನ ಪಕ್ಕದಲ್ಲೇ ಹಾಕಿ.